ಗಾಳಿಯಿಂದ ಗೊಬ್ಬರ: 1909ರ ಜುಲೈ 2 ಮನುಕುಲದ ದಿಕ್ಕು ಬದಲಿಸಿತೇ?

ಇತಿಹಾಸದ ದಿಕ್ಕು ಬದಲಿಸಿದ ದಿನಗಳು ಎಂದರೆ ಯುದ್ಧ, ಕ್ರಾಂತಿ, ಪಟ್ಟಾಭಿಷೇಕಗಳೇ ನೆನಪಿಗೆ ಬರುತ್ತವೆ. 1909ರ ಜುಲೈ 2ರಂದು ಜರ್ಮನಿಯ ಕಾರ್ಲ್ಸ್‌ರೂಹೆ ಊರಿನ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ, ಯೂರಿಯಾದಂಥ ಗೊಬ್ಬರಗಳಿಗೆ ಮೂಲವಾದ ಅಮೋನಿಯಾ ತಯಾರಿಸಿ ತೋರಿಸಿದರು. ಆ ದಿನಕ್ಕೆ ಈ ಪಟ್ಟಿಯಲ್ಲಿ ಮೊದಲ ಸ್ಥಾನ ಸಲ್ಲಬೇಕೇ? ಇಬ್ಬರು ವಾದಿಸಿದ್ದಾರೆ.

ಪರ: ಅನ್ನದ ಮಿತಿ ಮುರಿದದ್ದು ಅಂದೇ

ಭತ್ತದ ಲೆಕ್ಕದಿಂದ ಶುರು ಮಾಡೋಣ. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಡಬೇಕು ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಶಿಫಾರಸು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಹಾಗಾಗಿ 217 ಕಿಲೋ ಯೂರಿಯಾ ಸಾಕು, ಅಂದರೆ 45 ಕಿಲೋದ ಐದು ಚೀಲಕ್ಕಿಂತ ತುಸು ಕಡಿಮೆ. ಅಷ್ಟೇ ಸಾರಜನಕವನ್ನು ಕೊಟ್ಟಿಗೆ ಗೊಬ್ಬರದಿಂದ ಕೊಡಿ ನೋಡೋಣ. ಚೆನ್ನಾಗಿ ಕಳಿತ ಗೊಬ್ಬರದಲ್ಲೂ ಅದು ನೂರಕ್ಕೆ ಅರ್ಧ ಭಾಗದ ಆಸುಪಾಸು. 20 ಟನ್ ಬೇಕು. ಗಾಡಿಗೆ ಅರ್ಧ ಟನ್ ಹೇರಿದರೆ 40 ಗಾಡಿ. ಇಷ್ಟು ಹೊತ್ತು ಹಾಕಿದರೂ ಮೊದಲ ಬೆಳೆಗೆ ದಕ್ಕುವುದು ಅದರ ಒಂದು ಪಾಲು ಮಾತ್ರ, ಉಳಿದದ್ದು ನಿಧಾನವಾಗಿ ಮುಂದಿನ ಬೆಳೆಗಳಿಗೆ ಸಿಗುತ್ತದೆ.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ದನ ಸಾರಜನಕವನ್ನು ಹುಟ್ಟಿಸುವುದಿಲ್ಲ. ಗೋಮಾಳದಲ್ಲಿ ಮೇದದ್ದನ್ನು ಗದ್ದೆಗೆ ತಂದು ಹಾಕುತ್ತದೆ, ಅಷ್ಟೆ. ಗಾಳಿಯಿಂದ ಹೊಸದಾಗಿ ನೆಲಕ್ಕೆ ಇಳಿಯುತ್ತಿದ್ದ ಸಾರಜನಕ ಮಿಂಚಿನಿಂದ ಸ್ವಲ್ಪ, ಉಳಿದದ್ದು ಸೂಕ್ಷ್ಮಜೀವಿಗಳಿಂದ. ಅವರೆ, ತೊಗರಿ, ಹುರುಳಿಗಳ ಬೇರುಗಂಟಿನಲ್ಲಿ ಕೂತ ಬ್ಯಾಕ್ಟೀರಿಯಾಗಳೇ ಇದರಲ್ಲಿ ಮುಖ್ಯ. ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರಿಗೂ ಕ್ಲೋವರ್ ಬಿತ್ತಿದ ಇಂಗ್ಲೆಂಡಿನ ರೈತರಿಗೂ ಅನುಭವದಿಂದ ಇದು ಗೊತ್ತಿತ್ತು. ಆದರೆ ಆ ದಾರಿಗೆ ಬೆಲೆ ತೆರಬೇಕು: ದ್ವಿದಳ ಬೆಳೆದ ನೆಲದಲ್ಲಿ ಅಷ್ಟು ಕಾಲ, ಅಷ್ಟು ಜಾಗದಲ್ಲಿ ಧಾನ್ಯ ಬೆಳೆಯುವಂತಿಲ್ಲ.

19ನೇ ಶತಮಾನದ ಯುರೋಪು ಈ ಮಿತಿಗೆ ಬಂದು ನಿಂತಿತ್ತು. ಮೊದಲು ಪೆರುವಿನ ಚಿಂಚಾ ದ್ವೀಪಗಳ ಹಕ್ಕಿಹಿಕ್ಕೆಯನ್ನು ಹಡಗುಗಟ್ಟಲೆ ಬಗೆದು ತಂದರು. ಅದು ಬರಿದಾಗುತ್ತಿದ್ದಂತೆ ಅಟಕಾಮಾ ಮರುಭೂಮಿಯ ಸೋಡಿಯಂ ನೈಟ್ರೇಟಿಗೆ ಕೈಹಾಕಿದರು. ಆ ಉಪ್ಪಿನ ನೆಲಕ್ಕಾಗಿ ಚಿಲಿ ದೇಶ ಪೆರು ಮತ್ತು ಬೊಲಿವಿಯಾ ಜೊತೆ 1879ರಿಂದ ಯುದ್ಧವನ್ನೇ ಮಾಡಿತು. 1898ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಬ್ರಿಟಿಷ್ ವಿಜ್ಞಾನಿಗಳ ಸಭೆಯಲ್ಲಿ ಅಧ್ಯಕ್ಷ ವಿಲಿಯಂ ಕ್ರೂಕ್ಸ್ ನೇರವಾಗಿ ಎಚ್ಚರಿಸಿದರು: ಗೋಧಿ ಉಣ್ಣುವವರು ಹೆಚ್ಚುತ್ತಿದ್ದಾರೆ, ಚಿಲಿಯ ನೈಟ್ರೇಟ್ ಒಂದು ದಿನ ಮುಗಿಯುತ್ತದೆ, ಗಾಳಿಯ ಸಾರಜನಕವನ್ನು ಹಿಡಿಯುವ ದಾರಿಯನ್ನು ರಸಾಯನಶಾಸ್ತ್ರಜ್ಞರೇ ಹುಡುಕಬೇಕು.

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ. ಆದರೆ ಅದರ ಅಣುವಿನಲ್ಲಿ ಎರಡು ಪರಮಾಣುಗಳು ತ್ರಿಬಂಧದಲ್ಲಿ ಬೆಸೆದುಕೊಂಡಿವೆ. ಬಿಡಿಸಲು ಮೋಲ್‌ಗೆ 945 ಕಿಲೋಜೂಲ್ ಬೇಕು. ಬಿಸಿ ಏರಿಸಿದರೆ ಬಂಧ ಸಡಿಲವಾಗುತ್ತದೆ ನಿಜ. ಆದರೆ ಅಮೋನಿಯಾ ಆಗುವ ಕ್ರಿಯೆ ಶಾಖವನ್ನು ಹೊರಬಿಡುವಂಥದ್ದು. ಬಿಸಿ ಏರಿದಷ್ಟೂ ಆದ ಅಮೋನಿಯಾ ಮತ್ತೆ ಒಡೆದುಹೋಗುತ್ತದೆ. 1904-05ರಲ್ಲಿ ಹೇಬರ್ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ ಸಿಕ್ಕದ್ದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಬಿಸಿ ಇಳಿಸಿದರೆ ಕ್ರಿಯೆ ಮುಂದೆ ಸಾಗುವುದೇ ಇಲ್ಲ. ಉಳಿದ ದಾರಿ ಎಂದರೆ ಒತ್ತಡ, ಮತ್ತು ಕಡಿಮೆ ಬಿಸಿಯಲ್ಲೂ ಕೆಲಸ ಮಾಡುವ ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಸೇರಿ ಎರಡೇ ಪಾಲು ಅಮೋನಿಯಾ ಆಗುವುದರಿಂದ ಅನಿಲವನ್ನು ಒತ್ತಿದಷ್ಟೂ ಲಾಭ. 500 ಡಿಗ್ರಿಯಲ್ಲಿ ಸಾಮಾನ್ಯ ಒತ್ತಡದಲ್ಲಿ ಸಾವಿರಕ್ಕೆ ಒಂದು ಪಾಲು ಅಮೋನಿಯಾ ಇದ್ದರೆ, 200 ಪಟ್ಟು ಒತ್ತಡದಲ್ಲಿ ಅದು ನೂರಕ್ಕೆ 18ರ ಹತ್ತಿರ ಹೋಗಬಲ್ಲದು.

ಹೇಬರ್ ಮತ್ತು ಅವರ ಸಹಾಯಕ ರಾಬರ್ಟ್ ಲೆ ರೊಸಿನ್ಯೋಲ್ ಮೇಜಿನ ಮೇಲೆ ಕಟ್ಟಿದ ಉಪಕರಣ ಈ ಎರಡನ್ನೂ ಜೋಡಿಸಿತು. ಪಂಪು ಅನಿಲದ ಮಿಶ್ರಣವನ್ನು ಗಾಳಿಯ ಒತ್ತಡದ ಸುಮಾರು 175 ಪಟ್ಟಿಗೆ ಒತ್ತುತ್ತಿತ್ತು. 550 ಡಿಗ್ರಿ ಆಸುಪಾಸಿನಲ್ಲಿ ಕ್ರಿಯಾವರ್ಧಕವಾದ ಆಸ್ಮಿಯಂ ಲೋಹದ ಮೇಲೆ ಹಾಯ್ದು ಹೊರಬಂದ ಬಿಸಿ ಅನಿಲ, ಒಳಹೋಗುವ ತಣ್ಣನೆಯ ಅನಿಲಕ್ಕೆ ತನ್ನ ಶಾಖ ಕೊಡುತ್ತಿತ್ತು. ಮುಂದೆ ತಂಪುಕೋಣೆಯಲ್ಲಿ ಅಮೋನಿಯಾ ದ್ರವವಾಗಿ ಇಳಿಯುತ್ತಿತ್ತು. ಕೂಡದೆ ಉಳಿದ ಅನಿಲ ಮತ್ತೆ ಪಂಪಿಗೆ ಮರಳುತ್ತಿತ್ತು. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನಿಂದ ಕಾರ್ಲ್ ಬಾಷ್ ಮತ್ತು ಆಲ್ವಿನ್ ಮಿಟ್ಟಾಶ್ ನೋಡಲು ಬಂದಿದ್ದರು. ಒತ್ತಡ ಏರಿಸುವಾಗ ಒಂದು ಬೋಲ್ಟು ಕೈಕೊಟ್ಟಿತು. ರಿಪೇರಿ ಮುಗಿಯುವ ಹೊತ್ತಿಗೆ ಬಾಷ್ ಹೊರಟುಹೋಗಿದ್ದರು. ಉಳಿದುಕೊಂಡ ಮಿಟ್ಟಾಶ್ ಕಣ್ಣೆದುರಿಗೆ ಗಂಟೆಗೆ 125 ಮಿಲಿಲೀಟರ್ ಲೆಕ್ಕದಲ್ಲಿ ಅಮೋನಿಯಾ ತೊಟ್ಟಿಕ್ಕಿತು.

ಆ ಪ್ರಮಾಣ ನೋಡಿ ನಗಬೇಡಿ. ಅಂದು ರುಜುವಾತಾದದ್ದು ಪ್ರಮಾಣವಲ್ಲ, ವಿಧಾನ. ಅಲ್ಲಿಯವರೆಗೆ ಎಲ್ಲರೂ ಒಂದು ಸಾರಿ ಹಾಯ್ದಾಗ ಎಷ್ಟು ಕೂಡುತ್ತದೆ ಎಂದು ಲೆಕ್ಕ ಹಾಕಿ ಕೈಚೆಲ್ಲುತ್ತಿದ್ದರು. ಒಂದು ಸುತ್ತಿಗೆ ನೂರಕ್ಕೆ ಆರೆಂಟು ಪಾಲು ಸಿಕ್ಕರೂ ಸಾಕು, ಅದನ್ನು ತೆಗೆದು ಉಳಿದದ್ದನ್ನು ಮತ್ತೆ ಸುತ್ತಿಸಿದರೆ ಏನೂ ವ್ಯರ್ಥವಾಗುವುದಿಲ್ಲ ಎಂದು ಹೇಬರ್ ತೋರಿಸಿದರು. ಪಣಂಬೂರಿನ ಗೊಬ್ಬರ ಕಾರ್ಖಾನೆ ಸೇರಿ ಜಗತ್ತಿನ ಎಲ್ಲ ಅಮೋನಿಯಾ ಕಾರ್ಖಾನೆಗಳ ಸಂಶ್ಲೇಷಣೆ ವಿಭಾಗವೂ ಇಂದಿಗೂ ಇದೇ ಸುತ್ತಿನಲ್ಲಿ ನಡೆಯುತ್ತದೆ.

ದೊಡ್ಡದಾಗಿ ಕಟ್ಟಲು ಹೋದಾಗ ಬಾಷ್ ಅವರಿಗೆ ಎದುರಾದ ಕಷ್ಟ ಸಣ್ಣದಲ್ಲ. ಮೊದಲ ಉಕ್ಕಿನ ಕೊಳವೆಗಳು 80 ಗಂಟೆಗೆ ಸಿಡಿದವು. ಬಿಸಿಯಲ್ಲಿ, ಒತ್ತಡದಲ್ಲಿ ಜಲಜನಕ ಉಕ್ಕಿನೊಳಗೆ ನುಗ್ಗಿ ಅಲ್ಲಿನ ಇಂಗಾಲವನ್ನು ಮೀಥೇನ್ ಮಾಡಿ, ಉಕ್ಕು ಬಿರುಕುಬಿಡುವಂತೆ ಮಾಡುತ್ತಿತ್ತು. ಇಂಗಾಲವಿಲ್ಲದ ಕಬ್ಬಿಣಕ್ಕೆ ಆ ಕಾಟವಿಲ್ಲ, ಆದರೆ ಅದು ಮೆದು, ಒತ್ತಡ ತಡೆಯದು. ಬಾಷ್ ಎರಡನ್ನೂ ಬಳಸಿದರು: ಒಳಗೆ ಮೆದು ಕಬ್ಬಿಣದ ತೆಳು ಹೊದಿಕೆ, ಹೊರಗೆ ಭಾರ ಹೊರುವ ಉಕ್ಕಿನ ಕವಚ, ಕವಚಕ್ಕೆ ಸಣ್ಣ ಸಣ್ಣ ತೂತು. ಹೊದಿಕೆಯಲ್ಲಿ ಜಿನುಗಿದ ಜಲಜನಕ ಉಕ್ಕಿಗೆ ಹಾನಿ ಮಾಡುವ ಮೊದಲೇ ತೂತಿನಿಂದ ಹೊರಹೋಗುತ್ತಿತ್ತು. 1913ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಓಪ್ಪಾವ್‌ನಲ್ಲಿ ದಿನಕ್ಕೆ 30 ಟನ್ ಸಾಮರ್ಥ್ಯದ ಕಾರ್ಖಾನೆ ಶುರುವಾಯಿತು. ಮೇಜಿನಿಂದ ಕಾರ್ಖಾನೆಗೆ ನಾಲ್ಕೇ ವರ್ಷ. ಇಷ್ಟು ಹಣ ಸುರಿಯುವ ಧೈರ್ಯ ಬಿಎಎಸ್‌ಎಫ್‌ಗೆ ಬಂದದ್ದು ಮಿಟ್ಟಾಶ್ ಆ ದಿನ ಕಣ್ಣಾರೆ ಕಂಡದ್ದರಿಂದ.

ಬೇರೆ ದಾರಿಗಳಿದ್ದವಲ್ಲ ಎನ್ನಬಹುದು. ನಾರ್ವೆಯಲ್ಲಿ 1905ರಿಂದಲೇ ವಿದ್ಯುತ್ ಕಮಾನಿನ ಉರಿಯಲ್ಲಿ ಗಾಳಿ ಸುಟ್ಟು ನೈಟ್ರಿಕ್ ಆಮ್ಲ ಮಾಡುತ್ತಿದ್ದರು. ಒಂದು ಟನ್ ಸಾರಜನಕ ಹಿಡಿಯಲು 60,000 ಯೂನಿಟ್ ಆಸುಪಾಸಿನ ವಿದ್ಯುತ್ ಬೇಕಿತ್ತು. ಜಲಪಾತದ ಅಗ್ಗದ ವಿದ್ಯುತ್ ಇರುವ ಕಡೆ ಬಿಟ್ಟರೆ ಎಲ್ಲೂ ಗಿಟ್ಟುವ ಮಾತಲ್ಲ. ಕಾರ್ಬೈಡ್‌ಗೆ ಸಾರಜನಕ ಕೂಡಿಸುವ ಸಯನಮೈಡ್ ವಿಧಾನಕ್ಕೆ ಇದರ ಐದನೇ ಒಂದು ಪಾಲು ವಿದ್ಯುತ್ ಸಾಕಿತ್ತಾದರೂ ಸುಣ್ಣ, ಕೋಕ್ ಸುಟ್ಟು ಕಾರ್ಬೈಡ್ ಮಾಡುವ ಭಾರಿ ಕುಲುಮೆಗಳು ಬೇಕಿದ್ದವು. ಎರಡೂ ಪೈಪೋಟಿಯಲ್ಲಿ ಹಿಂದೆ ಬಿದ್ದವು.

ಯುದ್ಧದ ಮಾತನ್ನೂ ಮುಚ್ಚಿಡಬೇಕಿಲ್ಲ. 1914ರಲ್ಲಿ ಬ್ರಿಟನ್ ಸಮುದ್ರ ಕಟ್ಟಿ ಚಿಲಿಯ ನೈಟ್ರೇಟ್ ತಡೆದಾಗ, ಅಮೋನಿಯಾವನ್ನೇ ನೈಟ್ರಿಕ್ ಆಮ್ಲ ಮಾಡಿ ಜರ್ಮನಿ ಸಿಡಿಮದ್ದು ತಯಾರಿಸಿತು. ಅದೇ ಹೇಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ವಿಷಾನಿಲ ಬಿಡಿಸಿದ ಕೆಲಸದ ಮುಂದಾಳು. ದಿಕ್ಕು ಬದಲಿಸಿದ ದಿನ ಎಂದರೆ ಒಳ್ಳೆಯ ದಿನ ಎಂದೇ ಅರ್ಥವಲ್ಲ.

1900ರಲ್ಲಿ ಜಗತ್ತಿನಲ್ಲಿದ್ದದ್ದು ಸುಮಾರು 160 ಕೋಟಿ ಜನ. ಇಂದು 800 ಕೋಟಿ ದಾಟಿದೆ. ಇವರಲ್ಲಿ ಅರ್ಧದಷ್ಟು ಜನರ ಊಟ ಕೃತಕ ಸಾರಜನಕದ ಮೇಲೆ ನಿಂತಿದೆ ಎಂಬುದು ತಜ್ಞರು ಬಹುಮಟ್ಟಿಗೆ ಒಪ್ಪಿರುವ ಅಂದಾಜು. 60 ಕಿಲೋ ತೂಕದ ಒಬ್ಬರ ಮೈಯಲ್ಲಿ ಸುಮಾರು 1.8 ಕಿಲೋ ಸಾರಜನಕ ಇರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹಿಂದೊಮ್ಮೆ ಯಾವುದೋ ಕಾರ್ಖಾನೆಯ ಕೊಳವೆಯಲ್ಲಿ ಹಾಯ್ದು ಬಂದದ್ದು. ಬೇರೆ ಯಾವ ಯುದ್ಧ, ಯಾವ ಒಪ್ಪಂದ ಹೀಗೆ ಮನುಷ್ಯನ ಮಾಂಸಖಂಡದೊಳಗೆ ಹೋಗಿ ಕೂತಿದೆ?

ವಿರೋಧ: ಒಂದು ದಿನದ ಮೇಲೆ ಅಷ್ಟು ಭಾರ ಹೊರಿಸಬೇಡಿ

ಯೂರಿಯಾದಿಂದ ನೀರು ಕೆಟ್ಟಿತು, ನೆಲ ಕೆಟ್ಟಿತು ಎಂದು ಪಟ್ಟಿ ಹಿಡಿದು ವಿರೋಧಿಸುವುದು ಸುಲಭ. ಅದು ಈ ಪ್ರಶ್ನೆಗೆ ಉತ್ತರವೂ ಅಲ್ಲ. ಅಮೋನಿಯಾ ಜಗತ್ತನ್ನು ಬದಲಿಸಿತು ಎಂಬುದರಲ್ಲಿ ನನಗೆ ತಕರಾರಿಲ್ಲ. ಅದನ್ನು 1909ರ ಜುಲೈ 2ಕ್ಕೆ ಗಂಟುಹಾಕುವುದಕ್ಕೆ ತಕರಾರು.

ಅಂದಿನ ಉಪಕರಣದಲ್ಲಿ ಉಳಿದದ್ದೇನು ನೋಡಿ. ಆಸ್ಮಿಯಂ ಉಳಿಯಲಿಲ್ಲ. ಬಿಎಎಸ್‌ಎಫ್ ಹುಡುಕಿ ಕೊಂಡರೂ ಸಿಕ್ಕದ್ದು ಸುಮಾರು 100 ಕಿಲೋ. ಜಗತ್ತಿಗೆ ಗೊಬ್ಬರ ಮಾಡಲು ಅದು ಯಾವ ಮೂಲೆಗೂ ಸಾಲದು. ಮಿಟ್ಟಾಶ್ ತಂಡ 1912ರ ಹೊತ್ತಿಗೆ 2,500 ಬಗೆಯ ಮಿಶ್ರಣಗಳನ್ನು 6,500 ಬಾರಿ ಪರೀಕ್ಷಿಸಿತು. ಗೆದ್ದದ್ದು ಸ್ವೀಡನ್ನಿನ ಮ್ಯಾಗ್ನಟೈಟ್ ಅದಿರು. ಶುದ್ಧ ಕಬ್ಬಿಣ ಬೇಗ ಸೋಲುತ್ತಿತ್ತು. ಆ ಅದಿರಿನಲ್ಲಿ ಸಹಜವಾಗಿದ್ದ ಕಲ್ಮಷವೇ ಅದಕ್ಕೆ ಕಸುವು ಕೊಟ್ಟಿದೆ ಎಂದು ಹಿಡಿದು, ಅಲ್ಯುಮಿನಾ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಅಳೆದು ಸೇರಿಸಿದರು. ಇಂದಿನ ಬಹುಪಾಲು ಕಾರ್ಖಾನೆಗಳಲ್ಲಿ ಇರುವುದು ಆ ಕಬ್ಬಿಣದ ಸಂತತಿ. ಕೊಳವೆಯ ಕಥೆಯನ್ನು ಪರವಾಗಿ ಬರೆದವರೇ ಹೇಳಿದ್ದಾರೆ. ಸುತ್ತು ಒಂದು ಉಳಿಯಿತು, ಅದನ್ನು ಒಪ್ಪುತ್ತೇನೆ.

ಆದರೆ ಆ ಸುತ್ತಿಗೆ ಜಲಜನಕ ಎಲ್ಲಿಂದ? ಅಮೋನಿಯಾ ಕಾರ್ಖಾನೆಯ ಖರ್ಚಿನ ದೊಡ್ಡ ಪಾಲು ಇದಕ್ಕೇ. ಓಪ್ಪಾವ್‌ನಲ್ಲಿ ಕೆಂಪಗೆ ಕಾದ ಕೋಕ್ ಮೇಲೆ ಹಬೆ ಹಾಯಿಸಿ ಅನಿಲ ಮಾಡುತ್ತಿದ್ದರು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ, ಗಂಧಕವೂ ಬರುತ್ತದೆ. ಎರಡೂ ಕ್ರಿಯಾವರ್ಧಕಕ್ಕೆ ವಿಷ. ಹಬೆಯ ಜೊತೆ ಮತ್ತೊಮ್ಮೆ ಕ್ರಿಯೆ ನಡೆಸಿ ಮಾನಾಕ್ಸೈಡನ್ನು ಡಯಾಕ್ಸೈಡ್ ಮಾಡಬೇಕು, ಅದನ್ನು ಒತ್ತಡದ ನೀರಿನಲ್ಲಿ ತೊಳೆಯಬೇಕು, ಉಳಿದ ಚೂರುಪಾರು ಮಾನಾಕ್ಸೈಡನ್ನು ತಾಮ್ರದ ದ್ರಾವಣದಿಂದ ಹೀರಬೇಕು. ಈ ಯಾವುದಕ್ಕೂ ಜುಲೈ 2ರಂದು ಉತ್ತರ ಇರಲಿಲ್ಲ. ಪರ ವಾದದ ಐದು ಚೀಲಗಳಲ್ಲಿರುವ ಯೂರಿಯಾ ಕೂಡ ಅಂದಿನದಲ್ಲ. ಅಮೋನಿಯಾಕ್ಕೆ ಇಂಗಾಲದ ಡಯಾಕ್ಸೈಡ್ ಕೂಡಿಸಿ ಕಾರ್ಖಾನೆಯಲ್ಲಿ ಯೂರಿಯಾ ಮಾಡುವ ಬಾಷ್-ಮೈಸರ್ ವಿಧಾನ ಬಂದದ್ದು 1922ರಲ್ಲಿ.

ಗೊಬ್ಬರ ಮಾಡಲು ಕಲಿತವರು ಅದನ್ನು ಕೂಡಿಡಲು ಇನ್ನೂ ಕಲಿತಿರಲಿಲ್ಲ. ಓಪ್ಪಾವ್ ಉಗ್ರಾಣದಲ್ಲಿ ಸುಮಾರು 4,500 ಟನ್ ಅಮೋನಿಯಂ ಸಲ್ಫೇಟ್-ನೈಟ್ರೇಟ್ ಮಿಶ್ರಣ ತೇವ ಕುಡಿದು ಗಟ್ಟಿಯಾಗಿತ್ತು. ಸಡಿಲಿಸಲು ಸಣ್ಣ ಪ್ರಮಾಣದ ಡೈನಮೈಟ್ ಸಿಡಿಸುವುದು ಅಲ್ಲಿ ದಿನನಿತ್ಯದ ರೂಢಿ. 1921ರ ಸೆಪ್ಟೆಂಬರ್ 21ರಂದು ರಾಶಿಯೇ ಸ್ಫೋಟಿಸಿತು. 500ಕ್ಕೂ ಹೆಚ್ಚು ಜನ ಸತ್ತರು.

ಹಣದ ಮೂಲವನ್ನೂ ಮರೆಯಬಾರದು. ಬಿಎಎಸ್‌ಎಫ್ ಬಣ್ಣದ ಕಂಪನಿ. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಿಟ್ಟು, ಬಂಗಾಳ-ಬಿಹಾರದ ನೀಲಿ ಬೆಳೆಯ ವ್ಯಾಪಾರವನ್ನು ನೆಲಕಚ್ಚಿಸಿ ಬೆಳೆದದ್ದು. ಬಣ್ಣದಲ್ಲಿ ಗಳಿಸಿದ ಹಣ, ಒಂದು ಕಷ್ಟದ ರಸಾಯನ ಕ್ರಿಯೆಯನ್ನು ವರ್ಷಗಟ್ಟಲೆ ಸಾಕಿ ಕಾರ್ಖಾನೆಗೆ ತಂದ ಅಭ್ಯಾಸ ಎರಡೂ ಇದ್ದುದರಿಂದಲೇ ಅದು ಅಮೋನಿಯಾಕ್ಕೆ ಕೈಹಾಕಿತು. ಹಾಗಾದರೆ ತಿರುವು 1897 ಏಕಲ್ಲ? ಹೇಬರ್ ಇಲ್ಲದಿದ್ದರೆ ಯಾರೂ ಇರಲಿಲ್ಲ ಎಂಬಂತೆಯೂ ಇಲ್ಲ. ಫ್ರಾನ್ಸಿನಲ್ಲಿ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೇ 1901ರಲ್ಲೇ ಹೆಚ್ಚಿನ ಒತ್ತಡದಲ್ಲಿ ಯತ್ನಿಸಿದ್ದರು. ಗಾಳಿ ಬೆರೆತು ಸ್ಫೋಟವಾದ ಮೇಲೆ ಕೈಬಿಟ್ಟರು. ಒತ್ತಡದಲ್ಲಿ ಅಳೆದು ನೋಡುವಂತೆ ಹೇಬರ್ ಅವರನ್ನು ಕೆಣಕಿದ್ದು ಜರ್ಮನಿಯ ಇನ್ನೊಬ್ಬ ರಸಾಯನಶಾಸ್ತ್ರಜ್ಞ ವಾಲ್ಟರ್ ನೆರ್ನ್‌ಸ್ಟ್. ಹೇಬರ್ ಕೊಟ್ಟ ಅಂಕಿಗಳು ತಪ್ಪು ಎಂದು ನೆರ್ನ್‌ಸ್ಟ್ 1907ರಲ್ಲಿ ಸಭೆಯಲ್ಲೇ ಹೇಳಿದ್ದರು. ಬಾಗಿಲ ಬಳಿ ಹಲವರು ನಿಂತಿದ್ದರು.

ಜನಸಂಖ್ಯೆಯ ಲೆಕ್ಕ ನನಗೆ ಅತಿ ಮುಖ್ಯ. 1950ರಲ್ಲಿ, ಅಂದರೆ 40 ವರ್ಷ ಕಳೆದ ಮೇಲೂ, ಜಗತ್ತು ಹೊಲಕ್ಕೆ ಹಾಕುತ್ತಿದ್ದ ರಾಸಾಯನಿಕ ಸಾರಜನಕ 40 ಲಕ್ಷ ಟನ್ನಿಗಿಂತ ಕಡಿಮೆ. 2000ದ ಹೊತ್ತಿಗೆ ಅದು 8 ಕೋಟಿ ಟನ್ ದಾಟಿತ್ತು. ನಮ್ಮಲ್ಲೇ ನೋಡಿ. ಮೈಸೂರಿನ ಹತ್ತಿರ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಅಮೋನಿಯಂ ಸಲ್ಫೇಟ್ ಮಾಡುವ ಸಣ್ಣ ಕಾರ್ಖಾನೆ ಇತ್ತು, ಈಗಿನ ಜಾರ್ಖಂಡಿನ ಸಿಂದ್ರಿಯ ದೊಡ್ಡ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1951ರಲ್ಲಿ. ಆ ಹೊತ್ತಿಗೆ ಇಡೀ ದೇಶ ಬಳಸುತ್ತಿದ್ದದ್ದು ಎಲ್ಲ ಪೋಷಕಾಂಶ ಸೇರಿ ವರ್ಷಕ್ಕೆ 70 ಸಾವಿರ ಟನ್ ಆಸುಪಾಸು, ಒಟ್ಟು ಬೇಸಾಯದ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು. ಆದರೂ 1921ರ ಜನಗಣತಿಯಲ್ಲಿ 25 ಕೋಟಿ ಇದ್ದ ಜನ 1951ಕ್ಕೆ 36 ಕೋಟಿ ಆಗಿದ್ದರು. ಸಾವು ಕಡಿಮೆಯಾಗಿತ್ತು, ಅದಕ್ಕೇ. ಅವರೆಲ್ಲ ಹೊಟ್ಟೆತುಂಬ ಉಂಡರು ಎನ್ನುತ್ತಿಲ್ಲ. 1943ರ ಬಂಗಾಳದ ಬರಗಾಲ ಕಣ್ಣೆದುರಿಗಿದೆ. ಅನ್ನ ಹೆಚ್ಚಿದ್ದರಿಂದ ಜನ ಹೆಚ್ಚಿದರು ಎಂಬ ನೇರ ಗೆರೆ ಎಳೆಯಲು ಬರುವುದಿಲ್ಲ ಎನ್ನುತ್ತಿದ್ದೇನೆ.

ಅಮೋನಿಯಾ ನಿಜವಾಗಿ ಅಗ್ಗವಾದದ್ದು 1960ರ ದಶಕದಲ್ಲಿ. ಅದುವರೆಗೆ ಅನಿಲ ಒತ್ತಲು ಪಿಸ್ಟನ್ ಹಿಂದೆ ಮುಂದೆ ಆಡುವ ಭಾರಿ ಕಂಪ್ರೆಸರ್‌ಗಳು ಬೇಕಿದ್ದವು. ಒಂದೊಂದೂ ನಿಭಾಯಿಸುವುದು ಸ್ವಲ್ಪ, ರಿಪೇರಿ ಜಾಸ್ತಿ. 1963ರಲ್ಲಿ ಅಮೆರಿಕದ ಕೆಲ್ಲಾಗ್ ಎಂಜಿನಿಯರಿಂಗ್ ಕಂಪನಿ ಅವುಗಳ ಜಾಗಕ್ಕೆ ತಿರುಗುವ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ಹಾಕಿ, ದಿನಕ್ಕೆ 600 ಟನ್ನಿನ ಕಾರ್ಖಾನೆಯನ್ನು ಒಂದೇ ಸಾಲಿನಲ್ಲಿ ಕಟ್ಟಿತು. ಕೋಕ್ ಹೋಗಿ ನೈಸರ್ಗಿಕ ಅನಿಲ ಬಂತು: ಮೊದಲು ಗಂಧಕ ತೆಗೆಯುವುದು, ಆಮೇಲೆ ನಿಕ್ಕಲ್ ಮೇಲೆ 800 ಡಿಗ್ರಿ ಸುಮಾರಿಗೆ ಹಬೆಯ ಜೊತೆ ಒಡೆಯುವುದು. ಅಲ್ಲಿ ಉಳಿಯುವ ಶಾಖದಿಂದಲೇ ಹಬೆ ಮಾಡಿ ಟರ್ಬೈನ್ ತಿರುಗಿಸಿ ಕಂಪ್ರೆಸರ್ ಓಡಿಸಿದರು. ಕೋಕ್ ಕಾಲದಲ್ಲಿ ಟನ್ ಅಮೋನಿಯಾಕ್ಕೆ 100 ಗಿಗಾಜೂಲ್‌ಗೂ ಹೆಚ್ಚು ತಿನ್ನುತ್ತಿದ್ದ ಕೆಲಸ ಇಂದಿನ ಒಳ್ಳೆಯ ಕಾರ್ಖಾನೆಗಳಲ್ಲಿ 30ರ ಒಳಗೆ ಮುಗಿಯುತ್ತದೆ. ರೈತನ ಕೈಗೆಟಕುವ ಗೊಬ್ಬರ ಹುಟ್ಟಿದ್ದು ಇಲ್ಲಿಂದ, ಮೇಜಿನ ಮೇಲಿನ ಹನಿಯಿಂದಲ್ಲ.

ಗೊಬ್ಬರ ಅಗ್ಗವಾದರೂ ಹಳೆಯ ತಳಿಗೆ ಹಾಕಿ ಉಪಯೋಗವಿಲ್ಲ. ಎತ್ತರದ ನಾಟಿ ಭತ್ತಕ್ಕೋ ಗೋಧಿಗೋ 100 ಕಿಲೋ ಸಾರಜನಕ ಕೊಟ್ಟರೆ ದಂಟು ಸೊರಗಿ ಉದ್ದವಾಗುತ್ತದೆ, ತೆನೆ ತೂಗುವ ಹೊತ್ತಿಗೆ ಪೈರು ಮಲಗುತ್ತದೆ, ಕಾಳು ಜೊಳ್ಳಾಗುತ್ತದೆ. ಎಲೆ ಕಪ್ಪು ಹಸಿರಾಗಿ ಭತ್ತಕ್ಕೆ ಬೆಂಕಿ ರೋಗ ಬೇಗ ತಗಲುತ್ತದೆ. ಈ ಗೊಬ್ಬರವನ್ನು ಕಾಳಾಗಿಸಬಲ್ಲ ಗಿಡ್ಡ ತಳಿಗಳು ಬಂದ ಮೇಲೆ ಲೆಕ್ಕ ಬದಲಾಯಿತು. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿತು. ಅದೇ ವರ್ಷ ಫಿಲಿಪ್ಪೀನ್ಸ್‌ನಿಂದ ಐಆರ್-8 ಭತ್ತ ಬಿಡುಗಡೆಯಾಯಿತು. ಇದಕ್ಕೆ ಕಾಲುವೆ ನೀರು, ಕೊಳವೆಬಾವಿ, ಬೆಂಬಲ ಬೆಲೆ ಜೊತೆಯಾದವು.

ಇಷ್ಟಾದರೂ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಸಾರಜನಕ ಕೈತಪ್ಪುತ್ತದೆ, ಏಕೆಂದರೆ ಉಳಿಸಿಕೊಳ್ಳುವ ವಿದ್ಯೆ ಚೀಲದ ಜೊತೆ ಬರುವುದಿಲ್ಲ. ಒದ್ದೆ ಮಣ್ಣಿನ ಮೇಲೆ ಎರಚಿ ಬಿಟ್ಟ ಯೂರಿಯಾ ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಗದ್ದೆಯಲ್ಲಿ ಮೇಲ್ಪದರದಲ್ಲಿ ನೈಟ್ರೇಟ್ ಆದದ್ದು, ಗಾಳಿಯಿಲ್ಲದ ಕೆಳಪದರಕ್ಕೆ ಇಳಿದಾಗ ಮತ್ತೆ ಸಾರಜನಕವಾಗಿ ಗಾಳಿಗೇ ಸೇರುತ್ತದೆ. ಅದಕ್ಕೇ ಅರ್ಧ ಭಾಗ ನಾಟಿಯ ಸಮಯಕ್ಕೆ ಕೆಸರಿನೊಳಗೆ ಸೇರಿಸಿ, ಕಾಲು ಭಾಗ ತೆಂಡೆ ಒಡೆಯುವಾಗ, ಕಾಲು ಭಾಗ ಹೊಡೆ ಕಟ್ಟುವ ಮೊದಲು ಮೇಲುಗೊಬ್ಬರವಾಗಿ ಕೊಡುವುದು. ಕೊಡುವ ಮೊದಲು ನೀರು ಬಸಿದು, ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟುವುದು. ಇದನ್ನು ಕಲಿತದ್ದು ಸಾವಿರಾರು ಪ್ರಯೋಗ ತಾಕುಗಳಲ್ಲಿ, ದಶಕಗಳಲ್ಲಿ. ಯಾವ ತಾರೀಖಿಗೂ ಇದು ಸೇರುವುದಿಲ್ಲ.

ತಿರುವು ಜ್ಞಾನದ್ದೇ ಆಗಿದ್ದರೆ ಚೀನಾದಲ್ಲಿ 1959-61ರ ಭೀಕರ ಬರಗಾಲ ಆಗಬಾರದಿತ್ತು. ಹೇಬರ್ ಅವರ ಪ್ರಯೋಗಕ್ಕೆ ಆಗ 50 ವರ್ಷ ತುಂಬಿತ್ತು. ಆ ಸಾವುಗಳಿಗೆ ಕಾರಣ ಗೊಬ್ಬರದ ಕೊರತೆಗಿಂತ ಹೆಚ್ಚಾಗಿ ಸರ್ಕಾರದ ನೀತಿ: ಹೊಲದ ಕೆಲಸ ಬಿಡಿಸಿ ಉಕ್ಕಿನ ಒಲೆಗೆ ಹಚ್ಚಿದ್ದು, ಸುಳ್ಳು ಇಳುವರಿಯ ಲೆಕ್ಕದ ಮೇಲೆ ಧಾನ್ಯ ವಸೂಲು ಮಾಡಿದ್ದು. ಮುಂದೆ ಅಮೆರಿಕದ ಜೊತೆ ಸಂಬಂಧ ಸುಧಾರಿಸಿದ ಮೇಲೆ, 1972-73ರಲ್ಲಿ ಚೀನಾ ಒಟ್ಟಿಗೆ 13 ದೊಡ್ಡ ಅಮೋನಿಯಾ-ಯೂರಿಯಾ ಕಾರ್ಖಾನೆಗಳನ್ನು ವಿದೇಶಿ ಕಂಪನಿಗಳಿಂದ ಕೊಂಡಿತು. ಅವುಗಳಲ್ಲಿ ಎಂಟರ ಅಮೋನಿಯಾ ವಿಭಾಗ ಕೆಲ್ಲಾಗ್ ವಿನ್ಯಾಸದ್ದು. ಅಲ್ಲಿನ ರೈತರಿಗೆ ಗೊಬ್ಬರದ ಯುಗ ಶುರುವಾದ ತಾರೀಖು ಬೇಕಿದ್ದರೆ ಆ ಖರೀದಿ ಪತ್ರಗಳ ಮೇಲಿನದನ್ನು ನೋಡಬೇಕು.